ಕಡಲಿಗಿಳಿಯುವ ಮುನ್ನ ದೋಣಿಯ ಪಾಠ

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ತರುಣ ತರುಣಿಯರಲ್ಲಿ ಸ್ಕೂಬಾ ವಿದ್ಯೆಯನ್ನು ಕಲಿತವರು ಇಂದು ಅಪರೂಪವಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರಿನಡಿಯಲ್ಲಿ ಉಸಿರಾಡುತ್ತ ಸಂಚರಿಸುವ ಈ ವಿದ್ಯೆಗೆ ಮೊದಲು ಈಜುಕೊಳದಲ್ಲಿ ತರಬೇತಿಯಾಗುತ್ತದೆ. ಆಮೇಲೆ ಸಮುದ್ರದಲ್ಲಿ ಕೆಲವು ಬಾರಿ ಮುಳುಗಿ ಅಭ್ಯಾಸ ಮಾಡಬೇಕಾಗುತ್ತದೆ. ಕೊನೆಗೆ ಒಂದು ಪ್ರಮಾಣಪತ್ರ ಕೈಸೇರುತ್ತದೆ. ಆರಂಭದ ಹಂತದ ಈ ಪತ್ರ ಪಡೆದವರು ಜೊತೆಗಾರನೊಡನೆ 18 ಮೀಟರ್ ಆಳದವರೆಗೆ ಇಳಿಯಬಹುದು. ಆದರೆ ತರಬೇತಿಯ ಕಾಲದಲ್ಲಿ ಸಿಲಿಂಡರಿನ ಕವಾಟವನ್ನು ತೆರೆದು ನೋಡುತ್ತಿದ್ದವರು ಗುರುಗಳು. ಪಟ್ಟಿಗಳನ್ನು ಬಿಗಿದವರೂ ಅವರೇ. ಗಳಿಗೆಗೊಮ್ಮೆ ಮುಖ ನೋಡಿ ಕ್ಷೇಮವೇ ಎಂದು ಸನ್ನೆ ಮಾಡುತ್ತಿದ್ದವರೂ ಅವರೇ. ಪತ್ರ ದೊರೆತ ಮೇಲಿನ ಮೊದಲನೆಯ ಪ್ರವಾಸದಲ್ಲಿ ಆ ಎಚ್ಚರವೆಲ್ಲ ಮುಳುಗುಗಾರನದೇ ಆಗುತ್ತದೆ. ಆ ಎಚ್ಚರವು ನೀರಿನಲ್ಲಿ ಆರಂಭವಾಗುವುದಿಲ್ಲ, ದೋಣಿಯ ಮೇಲೆ ಆರಂಭವಾಗುತ್ತದೆ.

ನಮ್ಮ ನಾಡಿನದೇ ಉದಾಹರಣೆಯನ್ನು ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವುಂಟು. ಸುತ್ತಲೂ ಕಡಿದಾದ ಬಂಡೆಗಳು, ನೀರಿನಡಿಯಲ್ಲಿ ಹವಳದ ಬೆಳೆ, ಬಣ್ಣಬಣ್ಣದ ಮೀನುಗಳ ಹಿಂಡು. ಮಳೆಗಾಲ ಕಳೆದು ಕಡಲು ಶಾಂತವಾದ ತಿಂಗಳುಗಳಲ್ಲಿ ಮುಳುಗುಗಾರರ ದೋಣಿಗಳು ಅಲ್ಲಿಗೆ ಹೋಗುತ್ತವೆ. ಹೋಗುವುದಕ್ಕೇ ಒಂದೂವರೆ ಗಂಟೆ ಹಿಡಿಯಬಹುದು, ಬರುವುದಕ್ಕೂ ಅಷ್ಟೇ. ನೀರಿನಡಿಯಲ್ಲಿ ಕಳೆಯುವ ಸಮಯವಾದರೋ ಒಂದು ಬಾರಿಗೆ ಮುಕ್ಕಾಲು ಗಂಟೆಗೆ ಮೀರುವುದು ಕಡಮೆ. ಹೀಗೆ ದಿನದ ಬಹುಭಾಗ ಕಳೆಯುವುದು ಹತ್ತಾರು ಜನ, ಇಪ್ಪತ್ತು ಮೂವತ್ತು ಸಿಲಿಂಡರು, ಚೀಲ, ಹಗ್ಗ ಇವೆಲ್ಲ ತುಂಬಿದ, ಓಲಾಡುವ ಒಂದು ಇಕ್ಕಟ್ಟಾದ ಹಲಗೆಯ ಮೇಲೆ. ಅಲ್ಲಿ ಒಬ್ಬನ ಅಶಿಸ್ತು ಇನ್ನೊಬ್ಬನಿಗೆ ಅಪಾಯ. ಆದಕಾರಣ ದೋಣಿಯ ಮರ್ಯಾದೆ ಎಂಬುದು ಬರಿಯ ಸೌಜನ್ಯವಲ್ಲ, ಅದು ಆರೋಗ್ಯರಕ್ಷಣೆಯ ಒಂದು ಅಂಗ.

ಒತ್ತಡವೂ ದೇಹವೂ

ದೋಣಿಯ ನಿಯಮಗಳು ಏಕೆ ಹಾಗಿವೆ ಎಂದು ತಿಳಿಯಬೇಕಾದರೆ ನೀರಿನ ಒತ್ತಡದ ವಿಷಯ ನೆನಪಿರಬೇಕು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದರಷ್ಟಿದ್ದುದು 10 ಮೀಟರಿನಲ್ಲಿ ಎರಡಾಗುತ್ತದೆ. ಅಲ್ಲಿ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಅಲ್ಲಿ ಶ್ವಾಸಕೋಶದ ತುಂಬ ಉಸಿರೆಳೆದುಕೊಂಡು ಬಿಗಿಹಿಡಿದು ಮೇಲೆ ಬಂದರೆ ಅದೇ ಗಾಳಿ ಇಮ್ಮಡಿಯಾಗಿ ಹಿಗ್ಗುತ್ತದೆ. ಒಂದೂವರೆ ಮೀಟರಿನಷ್ಟು ಅಲ್ಪ ಆಳದಿಂದ ಉಸಿರುಗಟ್ಟಿ ಮೇಲೆ ಬಂದರೂ ಶ್ವಾಸಕೋಶಕ್ಕೆ ಹಾನಿಯಾಗಬಹುದು. ಉಸಿರನ್ನು ಎಂದಿಗೂ ಹಿಡಿಯಕೂಡದು ಎಂಬುದು ಈ ವಿದ್ಯೆಯ ಮೊದಲನೆಯ ಸೂತ್ರವಾಗಿರುವುದು ಇದರಿಂದಲೇ.

ಎರಡನೆಯದು ಸಾರಜನಕದ ವಿಷಯ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕವು ರಕ್ತ ಮಾಂಸಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಟುಹೋಗುತ್ತದೆ. ಅವಸರದಿಂದ ಬಂದರೆ, ಗೋಲಿ ಸೋಡದ ಗೋಲಿಯನ್ನು ಒತ್ತಿದಾಗ ಹೇಗೋ ಹಾಗೆ, ದೇಹದೊಳಗೇ ಗುಳ್ಳೆಗಳೇಳುತ್ತವೆ. ಕೀಲುನೋವು, ಜುಮುಗುಟ್ಟುವಿಕೆ, ಮರವು, ತಲೆಸುತ್ತು, ಕೈಕಾಲುಗಳ ದುರ್ಬಲತೆ ಇವು ಅದರ ಫಲ. ಆದುದರಿಂದ ಮೇಲೇರುವ ವೇಗ ಮಿನಿಟಿಗೆ 9 ಮೀಟರಿಗಿಂತ ಹೆಚ್ಚಿರಬಾರದೆಂದೂ 5 ಮೀಟರ್ ಆಳದಲ್ಲಿ 3 ಮಿನಿಟು ನಿಂತು ಬರುವುದು ಕ್ಷೇಮವೆಂದೂ ಕಲಿಸಲಾಗುತ್ತದೆ. ಈ ನೆಮ್ಮದಿಯ ಏರಿಕೆಗೆ ಬೇಕಾದಷ್ಟು ಗಾಳಿ ಉಳಿದಿರಬೇಕಾದರೆ, ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಂತೆಯೇ ದೋಣಿಗೆ ಮರಳಬೇಕು. ಕೊನೆಯ ಉಸಿರಿನವರೆಗೆ ಮೀನು ನೋಡುವುದು ಶೌರ್ಯವಲ್ಲ. ಜೊತೆಗಾರನ ಗಾಳಿಯ ಮೇಲೆ ಕೈಯಿಡುವ ಅನ್ಯಾಯ.

ಹಿಂದಿನ ದಿನದ ಸಿದ್ಧತೆ

ರಾತ್ರಿಯ ಪ್ರಯಾಣ ಮುಗಿಸಿ ಬೆಳಗ್ಗೆ ರೈಲಿನಿಂದಿಳಿದು ನೇರವಾಗಿ ದೋಣಿಯೇರುವುದು ನಗರವಾಸಿಗಳ ಅಭ್ಯಾಸ. ರಜೆ ಕಡಮೆ, ಆಸೆ ಹೆಚ್ಚು. ಆದರೆ ನಿದ್ರೆಗೆಟ್ಟ, ನೀರು ಕಡಮೆಯಾದ ದೇಹ ಕಡಲಿಗೆ ಯೋಗ್ಯವಲ್ಲ. ಹಿಂದಿನ ದಿನವೇ ತಲಪಿ, ಮದ್ಯವನ್ನು ವರ್ಜಿಸಿ, ಸಾಕಷ್ಟು ನೀರು ಕುಡಿದು, ಚೆನ್ನಾಗಿ ನಿದ್ರಿಸುವುದು ಅವಶ್ಯ. ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಹೋಗುವುದೂ ತಪ್ಪು, ಎಣ್ಣೆಯ ತಿಂಡಿಯನ್ನು ಹೊಟ್ಟೆ ತುಂಬ ತಿನ್ನುವುದೂ ತಪ್ಪು. ಎರಡು ಇಡ್ಲಿ, ಒಂದು ಬಾಳೆಹಣ್ಣು ಇಂತಹ ಲಘು ಆಹಾರ ಹಿತಕರ.

ನೆಗಡಿಯಿದ್ದವರು ಮುಳುಗಕೂಡದು. ಇಳಿಯುವಾಗ ಕಿವಿಯ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮನಾಗಿಸಲು ಮೂಗು ಹಿಡಿದು ಮೃದುವಾಗಿ ಊದಬೇಕು. ನೋವು ಕಾಣಿಸುವ ಮುನ್ನವೇ, ಒಂದೊಂದು ಮೀಟರಿಗೂ ಇದನ್ನು ಮಾಡಬೇಕು. ನೆಗಡಿಯಲ್ಲಿ ಮೂಗಿನಿಂದ ಕಿವಿಗೆ ಹೋಗುವ ನಾಳ ಬಾತುಕೊಂಡಿರುವುದರಿಂದ ಇದು ಸಾಧ್ಯವಾಗದೆ ಕಿವಿಯ ತಮಟೆಗೆ ಏಟು ಬೀಳಬಹುದು. ಮೂಗು ಬಿಡಿಸುವ ಔಷಧಿಯನ್ನು ಹಾಕಿಕೊಂಡು ಇಳಿದರೆ ಅದರ ಪ್ರಭಾವ ನೀರಿನಡಿಯಲ್ಲೇ ಮುಗಿದು, ಮೇಲೇರುವಾಗ ಗಾಳಿ ಸಿಕ್ಕಿಕೊಂಡು ಇನ್ನಷ್ಟು ಕಷ್ಟವಾಗುವುದುಂಟು.

ದೋಣಿಯೇರುವ ಮುಂಚೆ ತುಂಬಿಕೊಡಬೇಕಾದ ಆರೋಗ್ಯದ ಪತ್ರವನ್ನು ಹಲವರು ಓದದೆಯೇ ಸಹಿ ಮಾಡುತ್ತಾರೆ. ಆಸ್ತಮ, ಹೃದಯರೋಗ, ಅಪಸ್ಮಾರ, ಸಕ್ಕರೆ ಕಾಯಿಲೆ, ಈಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ ಊರಿನಲ್ಲಿದ್ದಾಗಲೇ ವೈದ್ಯರ ಅಭಿಪ್ರಾಯ ಪಡೆಯತಕ್ಕದ್ದು. ಗರ್ಭಿಣಿಯರು ಮುಳುಗಬಾರದು. ಪ್ರವಾಸದ ಹಣ ವ್ಯರ್ಥವಾಗುವುದೆಂದು ಸತ್ಯವನ್ನು ಮುಚ್ಚಿಟ್ಟರೆ, ಅಪಾಯದ ಹೊತ್ತಿನಲ್ಲಿ ಅದರ ಬೆಲೆಯನ್ನು ತೆರುವವರು ಆತನೂ ಅವನನ್ನು ರಕ್ಷಿಸಲು ಇಳಿಯುವ ಮತ್ತೊಬ್ಬನೂ.

ಸಾಮಾನು ಕಟ್ಟುವುದರಲ್ಲಿಯೂ ವಿವೇಕ ಬೇಕು. ದೊಡ್ಡ ಗಾಲಿ ಪೆಟ್ಟಿಗೆಗೆ ದೋಣಿಯಲ್ಲಿ ಜಾಗವಿಲ್ಲ. ಮೆತ್ತನೆಯ ಒಂದೇ ಚೀಲ ಸಾಕು. ಮೊದಲು ಬೇಕಾಗುವ ವಸ್ತು ಮೇಲೆ, ಕೊನೆಗೆ ಬೇಕಾಗುವುದು ತಳದಲ್ಲಿ. ಒಣ ಟವಲು, ಕುಡಿಯುವ ನೀರು, ಟೊಪ್ಪಿಗೆ, ಗಾಳಿ ತಡೆಯುವ ಒಂದು ಅಂಗಿ ಇರಲಿ. ಬಿಸಿಲಿನ ಕಡಲಿನಲ್ಲೂ ಒದ್ದೆ ಮೈಗೆ ಗಾಳಿ ಬಡಿದರೆ ನಡುಕ ಬರುತ್ತದೆ. ಒಡವೆಗಳನ್ನು ಕೊಠಡಿಯಲ್ಲೇ ಬಿಡುವುದು ಲೇಸು.

ಕಡಲಿನ ಓಕರಿಕೆ

ದೋಣಿ ಓಲಾಡುವುದನ್ನು ಒಳಕಿವಿ ಅರಿಯುತ್ತದೆ. ಎದುರಿನ ಹಲಗೆಯನ್ನೋ ಕೈಯಲ್ಲಿರುವ ಫೋನನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ಸ್ಥಿರವಾಗಿದೆ ಎನ್ನುತ್ತದೆ. ಈ ಎರಡು ಸಾಕ್ಷ್ಯಗಳ ವಿರೋಧವೇ ಓಕರಿಕೆಯ ಮೂಲ. ಆದ್ದರಿಂದ ದೂರದ ಸ್ಥಿರವಾದ ವಸ್ತುವಿನಲ್ಲಿ ದೃಷ್ಟಿಯಿಡುವುದು ಪರಿಹಾರ. ಮುರ್ಡೇಶ್ವರದಿಂದ ಹೊರಟವರಿಗೆ ದೈವವೇ ಇದನ್ನು ಒದಗಿಸಿದೆ ಎನ್ನಬೇಕು. 123 ಅಡಿ ಎತ್ತರದ ಶಿವನ ಮೂರ್ತಿ ಬಹಳ ಹೊತ್ತು ಕಣ್ಣಿಗೆ ಕಾಣುತ್ತಿರುತ್ತದೆ. ಅದು ಮರೆಯಾದ ಮೇಲೆ ದಿಗಂತದ ಗೆರೆಯನ್ನು ನೋಡಬಹುದು. ದೋಣಿಯ ಮೂತಿಗಿಂತ ನಡುಭಾಗದಲ್ಲಿ ಓಲಾಟ ಕಡಮೆ. ಇಂಜಿನಿನ ಹೊಗೆಯಿಂದ ದೂರವಿರಬೇಕು.

ಓಕರಿಕೆ ತಡೆಯುವ ಗುಳಿಗೆಗಳನ್ನು ದೋಣಿ ಹೊರಟ ಮೇಲೆ ನುಂಗಿ ಪ್ರಯೋಜನವಿಲ್ಲ. ವೈದ್ಯರನ್ನು ಕೇಳಿ, ಕನಿಷ್ಠ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಹಲವು ಗುಳಿಗೆಗಳು ಮಂಪರು ತರುತ್ತವೆ. ಮಂಪರಿನಲ್ಲಿ ಮುಳುಗುವುದು ಅಪಾಯಕರವಾದ್ದರಿಂದ ತನಗೆ ಅದು ಹೇಗೆ ಒಗ್ಗುವುದೆಂಬುದನ್ನು ಊರಿನಲ್ಲೇ ಒಮ್ಮೆ ಪರೀಕ್ಷಿಸಿ ನೋಡುವುದು ಉತ್ತಮ. ವಾಂತಿ ಬಂದರೆ ನಾಚಿಕೊಳ್ಳಬೇಕಾಗಿಲ್ಲ. ಸಿಬ್ಬಂದಿಗೆ ತಿಳಿಸಿ, ಗಾಳಿ ಬೀಸಿ ಹೋಗುವ ಕಡೆಯ ಅಂಚಿಗೆ ಬಂದು, ಒಬ್ಬರ ಆಸರೆಯಲ್ಲಿ ಹೊರಗೆ ಕಾರಿಕೊಳ್ಳಬೇಕು. ಶೌಚದ ಚಿಕ್ಕ ಕೋಣೆಯಿದ್ದರೂ ಅದರೊಳಗೆ ಹೋಗಬಾರದು. ಅಲ್ಲಿ ಸಂಕಟ ಹೆಚ್ಚುತ್ತದೆ, ಉಳಿದವರಿಗೂ ತೊಂದರೆ.

ಹಲಗೆಯ ಮೇಲಿನ ನಡವಳಿಕೆ

ದೋಣಿಯೇರಿದೊಡನೆ ಮೊದಲನೆಯ ಕರ್ತವ್ಯ ಕೇಳುವುದು. ಮುಖ್ಯಸ್ಥನು ವಿವರಣೆ ಕೊಡುವಾಗ ಛಾಯಾಚಿತ್ರ ತೆಗೆಯುವುದನ್ನೂ ಹರಟೆಯನ್ನೂ ನಿಲ್ಲಿಸಬೇಕು. ಪ್ರಾಣರಕ್ಷಕ ಜಾಕೆಟ್ಟುಗಳು ಎಲ್ಲಿವೆ, ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ, ಹೊರದಾರಿ ಯಾವುದು, ಅಪಾಯದಲ್ಲಿ ಹಿಂದೆ ಕರೆಯುವ ಸಂಕೇತವೇನು ಇವನ್ನು ತಿಳಿಯಬೇಕು, ಹೇಳದಿದ್ದರೆ ಕೇಳಬೇಕು. ರಾತ್ರಿ ತಂಗುವ ದೊಡ್ಡ ದೋಣಿಗಳಲ್ಲಿ ಇದು ಇನ್ನೂ ಮುಖ್ಯ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತೀರದ ಸಾಂತಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ಮುಳುಗುಗಾರರ ದೋಣಿಯೊಂದಕ್ಕೆ ಬೆಂಕಿ ಹತ್ತಿ, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಮೃತರಾದರು. ರಾತ್ರಿ ಸುತ್ತಾಡಿ ಕಾಯುವ ಪಹರೆಯೊಬ್ಬನು ಅಲ್ಲಿರಲಿಲ್ಲವೆಂಬುದು ತನಿಖೆಯಲ್ಲಿ ಹೊರಬಿತ್ತು. ರಾತ್ರಿ ಪಹರೆ ಯಾರದು ಎಂದು ವಿಚಾರಿಸುವ ಪ್ರಯಾಣಿಕ ಅಧಿಕಪ್ರಸಂಗಿಯಲ್ಲ.

ಎರಡನೆಯದು ಜಾಗದ ಮಿತವ್ಯಯ. ತನ್ನ ಸಾಮಾನನ್ನು ತನ್ನ ಆಸನದ ಕೆಳಗಿಡಬೇಕು. ನಡೆದಾಡುವ ದಾರಿಯಲ್ಲಿ ಏನೂ ಬಿದ್ದಿರಕೂಡದು. ಸಾಮಾನ್ಯವಾಗಿ ಬಳಕೆಯಲ್ಲಿರುವ ತುಂಬಿದ ಅಲ್ಯೂಮಿನಿಯಂ ಸಿಲಿಂಡರು 15 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಕಟ್ಟದೆ ನಿಲ್ಲಿಸಿದ ಸಿಲಿಂಡರು ಒಂದು ತೆರೆಗೆ ಉರುಳಿದರೆ ಯಾರದಾದರೂ ಪಾದದ ಎಲುಬು ಮುರಿಯಬಹುದು. ಸೀಸದ ತೂಕವನ್ನು ಬೆಂಚಿನ ಮೇಲಿಡಬಾರದು, ನೆಲದ ಮೇಲಿಡಬೇಕು. ಕೊಡುವಾಗ ಎಸೆಯಬಾರದು, ಕೈಗೆ ಕೈ ಕೊಡಬೇಕು. ಮಾಸ್ಕ್ ತೊಳೆಯುವ ಸಿಹಿನೀರಿನ ತೊಟ್ಟಿಯೂ ಕ್ಯಾಮೆರಾಗಳ ತೊಟ್ಟಿಯೂ ಬೇರೆ ಬೇರೆಯೆಂಬುದನ್ನು ಮರೆಯಬಾರದು. ಒದ್ದೆ ಉಡುಪಿನಲ್ಲಿ ಒಣ ಆಸನದ ಮೇಲೆ ಕೂರುವುದು, ಇನ್ನೊಬ್ಬರ ಟವಲಿಗೆ ಕೈಯೊರೆಸುವುದು, ಕೇಳದೆ ಇನ್ನೊಬ್ಬರ ಸಲಕರಣೆಯನ್ನು ಮುಟ್ಟುವುದು ಇವೆಲ್ಲ ವರ್ಜ್ಯ.

ಮೂರನೆಯದು ದೋಣಿಯವರ ಬಗೆಗಿನ ಗೌರವ. ಕರಾವಳಿಯ ದೋಣಿಗಳನ್ನು ನಡೆಸುವವರಲ್ಲಿ ಬಹುಮಂದಿ ತಲೆತಲಾಂತರದಿಂದ ಕಡಲನ್ನು ಬಲ್ಲ ಮೀನುಗಾರ ಮನೆತನದವರು. ನೀರಿನ ಬಣ್ಣದಿಂದ ಸೆಳವನ್ನು ಗುರುತಿಸಬಲ್ಲ ಅವರು ಈ ದಿನ ಬೇಡ ಎಂದರೆ ಬೇಡವೇ. ಹಣ ತೆತ್ತವರು ನಾವು ಎಂಬ ವಾದಕ್ಕೆ ಅಲೆಗಳು ಕಿವಿಗೊಡುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಕಡಲಿನಲ್ಲಿ ನಡೆಯುವುದಿಲ್ಲ. ಮುಳುಗಿದವನು ಎದ್ದ ಮೇಲೆ ಹುಡುಕುವುದು ಅಂಬಿಗನನ್ನೇ.

ಕಡಲಿಗೆ ಏನನ್ನೂ ಎಸೆಯಬಾರದು. ಅಲ್ಲಿಂದ ಏನನ್ನೂ ತರಬಾರದು. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮನೆಯ ಷೋಕೇಸಿಗೆಂದು ಒಂದು ತುಣುಕನ್ನು ಮುರಿದು ತಂದರೂ ಅದು ಅಪರಾಧ.

ಜೊತೆಗಾರನ ಪರೀಕ್ಷೆ

ತೊಡುಗೆ ಮುಗಿದ ಮೇಲೆ, ನೀರಿಗಿಳಿಯುವ ಮುಂಚೆ, ಜೊತೆಗಾರರಿಬ್ಬರೂ ಪರಸ್ಪರ ಪರೀಕ್ಷಿಸಿಕೊಳ್ಳಬೇಕಾದ ಸಂಗತಿಗಳು ಐದು. ತೇಲುವ ಜಾಕೆಟ್ಟಿಗೆ ಗಾಳಿ ತುಂಬುತ್ತದೆಯೇ, ಬಿಡುತ್ತದೆಯೇ? ಸೀಸದ ತೂಕ ಸರಿಯಾಗಿದೆಯೇ, ಬೇಕಾದಾಗ ಒಂದೇ ಎಳೆತಕ್ಕೆ ಕಳಚುವಂತಿದೆಯೇ? ಪಟ್ಟಿಗಳೂ ಬಿಗಿಗಳೂ ಭದ್ರವೇ, ಅವನ್ನು ಬಿಚ್ಚುವ ಬಗೆ ಜೊತೆಗಾರನಿಗೆ ತಿಳಿದಿದೆಯೇ? ಕವಾಟ ಪೂರ್ತಿ ತೆರೆದಿದೆಯೇ, ಗಾಳಿ ಎಷ್ಟಿದೆ? ಕೊನೆಯದಾಗಿ ಮಾಸ್ಕು, ಈಜುರೆಕ್ಕೆ ಮೊದಲಾದವೆಲ್ಲ ಸಿದ್ಧವೇ?

ಇವುಗಳಲ್ಲಿ ಗಾಳಿಯ ಪರೀಕ್ಷೆ ಪ್ರಾಣಸಮಾನ. ಒತ್ತಡಮಾಪಕದ ಮುಳ್ಳನ್ನು ನೋಡುತ್ತ ರೆಗ್ಯುಲೇಟರಿನಿಂದ ಮೂರು ನಾಲ್ಕು ಬಾರಿ ಜೋರಾಗಿ ಉಸಿರೆಳೆಯಬೇಕು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರುತ್ತಿದ್ದರೆ ಕವಾಟ ಅರೆಬರೆ ತೆರೆದಿದೆಯೆಂದೇ ತಿಳಿಯಬೇಕು. ಅಂತಹ ಕವಾಟ ದೋಣಿಯ ಮೇಲೆ ಗಾಳಿಯನ್ನು ಕೊಡುತ್ತದೆ. ಆಳಕ್ಕೆ ಹೋದಾಗ, ಹೆಚ್ಚು ಗಾಳಿ ಬೇಕಾದ ಹೊತ್ತಿನಲ್ಲೇ, ಕೈಕೊಡುತ್ತದೆ. ಅನುಭವಿಗಳು ಈ ಪರೀಕ್ಷೆಯನ್ನು ಲೆಕ್ಕಿಸದೆ ಇಳಿಯುವುದನ್ನು ಕಂಡು ಹೊಸಬರು ಸಂಕೋಚಪಡುವುದುಂಟು. ಅರ್ಧ ಮಿನಿಟಿನ ಈ ಕೆಲಸಕ್ಕೆ ನಾಚಬೇಕಾದವರು ಮಾಡುವವರಲ್ಲ, ಬಿಡುವವರು.

ಇಳಿಯುವುದು, ಏರುವುದು

ಈಜುರೆಕ್ಕೆಗಳನ್ನು ತೊಟ್ಟು ದೋಣಿಯ ಮೇಲೆ ನಡೆಯಬಾರದು. ಅಂಚಿಗೆ ಬಂದ ಮೇಲೆ ತೊಡಬೇಕು. ತನ್ನ ಸರದಿ ಬರುವವರೆಗೆ ಕುಳಿತಿರಬೇಕು. ಚಿಕ್ಕ ದೋಣಿಗಳಲ್ಲಿ ಅಂಚಿನ ಮೇಲೆ ಕುಳಿತು ಹಿಂದಕ್ಕೆ ಉರುಳಿ ಇಳಿಯುವುದು ವಾಡಿಕೆ. ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಿ, ರೆಗ್ಯುಲೇಟರನ್ನು ಬಾಯಲ್ಲಿಟ್ಟು, ಅದನ್ನೂ ಮಾಸ್ಕನ್ನೂ ಒಂದು ಕೈಯಿಂದ ಒತ್ತಿಹಿಡಿದು, ಹಿಂದೆ ಯಾರೂ ಇಲ್ಲವೆಂದು ಖಚಿತವಾದ ಮೇಲೆ, ಮುಖ್ಯಸ್ಥನ ಎಣಿಕೆಗೆ ಸರಿಯಾಗಿ ಉರುಳಬೇಕು. ಒಂದು ಗಳಿಗೆ ತಡವಾದವನು ಉರುಳಲೇಬಾರದು. ಅಷ್ಟರಲ್ಲಿ ಇನ್ನೊಬ್ಬರ ತಲೆ ಅಲ್ಲಿ ಮೇಲೆದ್ದಿರಬಹುದು. ಇಳಿದೊಡನೆ ಕೈಯನ್ನು ತಲೆಗೆ ಮುಟ್ಟಿಸಿ ಕ್ಷೇಮದ ಸನ್ನೆ ಮಾಡಿ, ಜಾಗ ಬಿಟ್ಟು ಸರಿಯಬೇಕು.

ಮರಳುವಾಗ ದೋಣಿ ಸಮೀಪಿಸಿದರೂ ಚಾಲಕನು ಕರೆಯುವ ತನಕ ಹತ್ತಿರ ಹೋಗಬಾರದು. ಹಿಂಭಾಗದ ಪಂಕವು ಕಣ್ಣಿಗೆ ಕಾಣದ ಕತ್ತಿ. ಏಣಿಯ ಮೇಲೆ ಒಬ್ಬರಿರುವಾಗ ಅದರ ಕೆಳಗೆ ತೇಲುತ್ತಿರಬಾರದು. ಮೇಲಿನವರು ಜಾರಿದರೆ ಸಿಲಿಂಡರಿನೊಡನೆ ಬೀಳುವುದು ಕೆಳಗಿನವರ ತಲೆಯ ಮೇಲೆ. ಏಣಿ ಕೈಗೆ ಭದ್ರವಾಗಿ ಸಿಗುವವರೆಗೂ ಮಾಸ್ಕನ್ನೂ ರೆಗ್ಯುಲೇಟರನ್ನೂ ಕಳಚಬಾರದು.

ತಲೆಯೆಣಿಕೆ

ಎಲ್ಲರೂ ಮರಳಿದರೆಂಬ ಎಣಿಕೆಯಾಗದೆ ದೋಣಿ ಹೊರಡಬಾರದು. 1998ರ ಜನವರಿ 25ರಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಮುಳುಗಲು ಹೋದ ಅಮೆರಿಕದ ದಂಪತಿಗಳನ್ನು ಎಣಿಕೆಯ ತಪ್ಪಿನಿಂದಾಗಿ ಕಡಲಿನಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತು. ಅವರ ಚೀಲ ದೋಣಿಯಲ್ಲೇ ಉಳಿದಿತ್ತು. ಅವರು ಬಂದಿಲ್ಲವೆಂಬುದು ಅರಿವಿಗೆ ಬಂದುದು ಎರಡು ದಿನಗಳ ನಂತರ. ಅವರು ಮತ್ತೆ ಸಿಗಲಿಲ್ಲ. ಆ ಬಳಿಕ ಅಲ್ಲಿ ಎಣಿಕೆಯ ನಿಯಮಗಳು ಬಿಗಿಯಾದವು.

ಇಲ್ಲಿ ಪ್ರಯಾಣಿಕರ ಕರ್ತವ್ಯವೂ ಇದೆ. ಹೆಸರು ಕರೆದಾಗ ಸ್ವತಃ ಓಗೊಡಬೇಕು. ಗೆಳೆಯನ ಪರವಾಗಿ ಹಾಜರಿ ಹೇಳುವ ಕಾಲೇಜಿನ ಚಾಳಿ ಇಲ್ಲಿ ಮಾರಕ. ಎಣಿಕೆಯ ಹೊತ್ತಿನಲ್ಲಿ ಮತ್ತೊಮ್ಮೆ ಈಜಲೆಂದು ನೀರಿಗೆ ಹಾರಬಾರದು. ಮುಳುಗು ಮುಗಿದ ಮೇಲೆ ಜೊತೆಗಾರನು ಪಕ್ಕದಲ್ಲಿಲ್ಲವೆಂದರೆ ಎಲ್ಲೋ ಇರುತ್ತಾನೆ ಎಂದು ಸುಮ್ಮನಾಗದೆ ಕಣ್ಣಾರೆ ಕಾಣುವ ತನಕ ವಿಚಾರಿಸುತ್ತಿರಬೇಕು.

ದಡ ಸೇರಿದ ಮೇಲೆ

ದಡ ಮುಟ್ಟಿದೊಡನೆ ಕಡಲಿನ ಅಧ್ಯಾಯ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ದೇಹದಲ್ಲಿ ಕರಗಿದ ಸಾರಜನಕ ಪೂರ್ತಿ ಹೊರಹೋಗಲು ಹಲವು ಗಂಟೆಗಳು ಬೇಕು. ಅಷ್ಟರೊಳಗೆ ವಾಯುವಿನ ಒತ್ತಡ ಕಡಮೆಯಿರುವ ಎತ್ತರಕ್ಕೆ ಏರಿದರೆ, ನಿಧಾನವಾಗಿ ಮೇಲೆ ಬಂದ ಮುಳುಗುಗಾರನಿಗೂ ಗುಳ್ಳೆಗಳ ಬಾಧೆಯುಂಟಾಗಬಹುದು. ಒಂದೇ ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ಕಳೆಯದೆ ವಿಮಾನವೇರಕೂಡದೆಂದು 2002ರಲ್ಲಿ ನಡೆದ ತಜ್ಞರ ಸಮಾಲೋಚನೆಯಿಂದ ಬಂದ ಸೂಚನೆಯಿದೆ. ಸುಮಾರು 600 ಮೀಟರಿನಿಂದ 2,400 ಮೀಟರಿನವರೆಗಿನ ಎತ್ತರದ ಒತ್ತಡಕ್ಕೆ ಈ ಸೂಚನೆ ಅನ್ವಯಿಸುತ್ತದೆ.

ಇದರ ಅರ್ಥವನ್ನು ಕನ್ನಡ ಪ್ರವಾಸಿಗರು ಚೆನ್ನಾಗಿ ಗ್ರಹಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಕೊಡಚಾದ್ರಿಯ ಶಿಖರ 1,343 ಮೀಟರ್; ಮುಂಬಯಿಯಿಂದ ಪುಣೆಗೆ ಹೋಗುವವರು ದಾಟುವ ಲೋನಾವಳ ಸಹ 600 ಮೀಟರಿಗೆ ಮೇಲಿದೆ. ಬೆಳಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಮಧ್ಯಾಹ್ನ ಊಟ ಮಾಡಿ, ಸಂಜೆ ಜೀಪಿನಲ್ಲಿ ಕೊಡಚಾದ್ರಿ ಹತ್ತುವುದಾಗಲಿ, ಅದೇ ರಾತ್ರಿ ಬಸ್ಸಿನಲ್ಲಿ ಘಟ್ಟವೇರುವುದಾಗಲಿ ವಿವೇಕವಲ್ಲ. ಆ ರಾತ್ರಿ ಕರಾವಳಿಯಲ್ಲೇ ತಂಗಿ ಮರುದಿನ ಹೊರಡುವುದು ಕ್ಷೇಮ. ದಿನಚರಿಯನ್ನು ಇದಕ್ಕನುಗುಣವಾಗಿ ಮೊದಲೇ ರೂಪಿಸಿಕೊಳ್ಳಬೇಕು. ಆ ದಿನ ಕಠಿಣ ವ್ಯಾಯಾಮವೂ ಮದ್ಯಪಾನವೂ ಬೇಡ.

ರೋಗಲಕ್ಷಣಗಳು ಬಹುವಾಗಿ ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸುತ್ತವೆ. ಕೆಲವೊಮ್ಮೆ ಒಂದು ದಿನದಷ್ಟು ತಡವಾಗುವುದೂ ಉಂಟು. ಸೋಮವಾರ ಕಚೇರಿಗೆ ಹೋದವನಿಗೆ ಭುಜ ನೋಯುತ್ತದೆ, ಬೆರಳು ಜುಮುಗುಟ್ಟುತ್ತದೆ, ಅಸಾಧಾರಣ ಆಯಾಸವಾಗುತ್ತದೆ. ಚೀಲ ಹೊತ್ತದ್ದರಿಂದ ಇರಬೇಕೆಂದು ಅಮೃತಾಂಜನ ಹಚ್ಚಿ ಮಲಗುತ್ತಾನೆ. ಹಾಗೆ ಮಾಡಬಾರದು. ತಡಮಾಡದೆ ವೈದ್ಯರನ್ನು ಕಂಡು, ತಾನು ಮುಳುಗಿ ಬಂದುದನ್ನೂ ಆಳವನ್ನೂ ಸಮಯವನ್ನೂ ಮೊದಲ ಮಾತಿನಲ್ಲೇ ಹೇಳಬೇಕು. ಶುದ್ಧ ಆಮ್ಲಜನಕವೇ ಇದಕ್ಕೆ ಪ್ರಥಮ ಚಿಕಿತ್ಸೆ. ಅನಂತರ ಒತ್ತಡದ ಕೋಣೆಯಲ್ಲಿಟ್ಟು ಗುಣಪಡಿಸುತ್ತಾರೆ. ಅಂತಹ ಕೋಣೆ ಎಲ್ಲ ಊರುಗಳಲ್ಲಿಲ್ಲ. ಆದ್ದರಿಂದ ಸಮೀಪದ್ದು ಎಲ್ಲಿದೆಯೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಸಿದ್ಧತೆಯ ಒಂದು ಭಾಗ. ಮತ್ತೆ ನೀರಿಗಿಳಿದರೆ ನೋವು ಹೋಗುತ್ತದೆಂಬ ಮಾತನ್ನು ನಂಬಿ ಇಳಿಯಬಾರದು.

ಬೇಡ ಎನ್ನುವ ಧೈರ್ಯ

ದೋಣಿಯ ಮರ್ಯಾದೆಗಳಲ್ಲೆಲ್ಲ ಶ್ರೇಷ್ಠವಾದುದೊಂದು ಉಳಿದಿದೆ. ಇಂದು ನಾನು ಇಳಿಯುವುದಿಲ್ಲ ಎಂದು ಹೇಳುವ ಹಕ್ಕು ಪ್ರತಿಯೊಬ್ಬ ಮುಳುಗುಗಾರನಿಗೂ ಇದೆ. ನೀರಿನ ಅಂಚಿನಲ್ಲಿ ಕುಳಿತ ಗಳಿಗೆಯಲ್ಲೂ ಇದೆ. ಕಿವಿ ಬಿಡುತ್ತಿಲ್ಲ, ತಲೆ ಸುತ್ತುತ್ತಿದೆ, ಮನಸ್ಸಿಗೆ ಅಳುಕಾಗಿದೆ, ಯಾವ ಕಾರಣವಾದರೂ ಸಾಕು. ಕಾರಣ ಹೇಳಲೇಬೇಕೆಂಬ ನಿರ್ಬಂಧವೂ ಇಲ್ಲ. ಹಾಗೆ ಹೇಳಿದವನನ್ನು ಗೇಲಿ ಮಾಡದಿರುವುದು ಉಳಿದವರ ಧರ್ಮ. ಗುಂಪಿನ ಉತ್ಸಾಹಕ್ಕೆ ಮಣಿದು, ದೂರದಿಂದ ಬಂದ ಖರ್ಚನ್ನು ನೆನೆದು, ಭಯವನ್ನು ನುಂಗಿಕೊಂಡು ಇಳಿದವನು ನೀರಿನಡಿಯಲ್ಲಿ ಗಾಬರಿಗೊಂಡರೆ ಅವನ ಕೈ ಮೊದಲು ಚಾಚುವುದು ಜೊತೆಗಾರನ ಮುಖಕ್ಕೆ.

ನೇತ್ರಾಣಿ ಇಂದು ಇದ್ದಲ್ಲಿಯೇ ನಾಳೆಯೂ ಇರುತ್ತದೆ. ಈ ವಾರ ದೋಣಿಯ ಮೇಲೆ ಕುಳಿತು ದಿಗಂತವನ್ನು ನೋಡಿ ಮರಳಿದವನು ಮುಂದಿನ ವರ್ಷ ನೆಮ್ಮದಿಯಿಂದ ಇಳಿಯಬಹುದು. ಮನೆಯಲ್ಲಿ ಕಾಯುತ್ತಿರುವವರಿಗೆ ಬೇಕಾದುದು ಹವಳದ ಚಿತ್ರಗಳಲ್ಲ, ಅವನ್ನು ತೆಗೆಯಲು ಹೋದವರು ಕ್ಷೇಮವಾಗಿ ಮರಳುವುದು.